ಹಿಂದಿನ ಎರಡು ಗಾಲಿ

ವಾಲ್ವಿನ ಮುಚ್ಚಳ ತಿರುಗಿಸಿ ಪಿನ್ನು ಒತ್ತಿದೆ. ಗಾಳಿ ಬರಬೇಕಿತ್ತು. ನೀರು ಬಂತು.

ಸುಮ್ಮನೆ ತೊಟ್ಟಿಕ್ಕಲಿಲ್ಲ, ಚಿಮ್ಮಿ ನನ್ನ ಸೀರೆಯ ನೆರಿಗೆಯನ್ನೆಲ್ಲ ತೋಯಿಸಿತು. ಒಡೆದ ಗಾಡಿಗಳನ್ನು ನೋಡಿ ವಿಮೆ ಕಂಪನಿಗೆ ವರದಿ ಬರೆಯುವುದು ನನ್ನ ಹೊಟ್ಟೆಪಾಡು. ಈ ಕೆಲಸದಲ್ಲಿ ಟೈರಿನೊಳಗಿಂದ ಮೊಳೆ ತೆಗೆದಿದ್ದೇನೆ, ಜಾಲಿಮುಳ್ಳು ತೆಗೆದಿದ್ದೇನೆ, ಒಮ್ಮೆ ಯಾರದೋ ಕಿವಿಯ ಓಲೆಯನ್ನೂ ತೆಗೆದಿದ್ದೇನೆ. ವ್ಯಾನಿನ ಟೈರಿನಿಂದ ನೀರು ತೆಗೆದದ್ದು ಇದೇ ಮೊದಲು.

“ಏನ್ ಮೇಡಂ ಅದು?” ಬೇವಿನ ಮರದ ನೆರಳಿನಿಂದ ಸಬ್ ಇನ್‌ಸ್ಪೆಕ್ಟರ್ ಶ್ರೀರಾಮ್ ಕೇಳಿದ. ನೆರಳು ಬಿಟ್ಟು ಬರುವ ಮನಸ್ಸು ಅವನಿಗಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಕಡೂರಿನ ಬಿಸಿಲು ಯಾರ ಮುಲಾಜನ್ನೂ ನೋಡುವುದಿಲ್ಲ.

“ನೀರು.”

“ರೇಡಿಯೇಟರ್ ನೀರಾ?”

“ಟೈರಿನ ನೀರು. ಬಂದು ನೋಡಪ್ಪ, ಬಿಸಿಲಿಗೆ ಕರಗಿ ಹೋಗಲ್ಲ ನೀನು.”

ಅವನು ಟೋಪಿ ಹಾಕಿಕೊಂಡು ಬಂದ. ವಾರದ ಹಿಂದೆ ಎಮ್ಮೆದೊಡ್ಡಿ ದಾರಿಯ ಇಳಿಜಾರಿನಲ್ಲಿ ಈ ಕ್ಯಾಂಪರ್ ವ್ಯಾನು ಮೋರಿಗೆ ಉರುಳಿ, ಓಡಿಸುತ್ತಿದ್ದ ದನಗಳ ಡಾಕ್ಟರು ಭವ್ಯ ತೀರಿಕೊಂಡಿದ್ದಳು. ಅವಳ ತಂದೆ ಈರಣ್ಣ ಕೊಟ್ಟ ದೂರಿನ ಮೇಲೆ ಅವಳ ಗಂಡ ಅಭಿಲಾಷ್ ನಿನ್ನೆ ಸಂಜೆಯಿಂದ ಲಾಕಪ್ಪಿನಲ್ಲಿದ್ದ. ಬೈಪಾಸಿನ ಪಕ್ಕದ ಖಾಲಿ ಸೈಟಿಗೆ ಗಾಡಿಯನ್ನು ಎಳೆದು ತಂದು, ಸುತ್ತ ಹಗ್ಗ ಕಟ್ಟಿ, ಕಾವಲಿಗೊಬ್ಬ ಪೇದೆಯನ್ನು ಕೂರಿಸಿದ್ದರು. ಪೇದೆ ಹೆಚ್ಚು ಹೊತ್ತು ಟೀ ಅಂಗಡಿಯನ್ನೇ ಕಾಯುತ್ತಿದ್ದ.

ಹಿಂದಿನ ಇನ್ನೊಂದು ಗಾಲಿಗೆ ಹೋದೆ. ಅಲ್ಲೂ ನೀರು. ಮುಂದಿನ ಬಲಗಾಲಿ, ಅಲ್ಲೂ ನೀರು. ಸಿಡಿದದ್ದು ಮುಂದಿನ ಎಡಗಾಲಿ. ಅದರ ಹೊರಮೈ ಹಲಸಿನ ಹಣ್ಣು ಬಿಚ್ಚಿದ ಹಾಗೆ ಹರಿದು ತೆರೆದುಕೊಂಡಿತ್ತು. ಕೆಳಗಿನ ಮಡಿಕೆಗೆ ಬೆರಳಿಟ್ಟೆ. ಬೆರಳು ಒದ್ದೆಯಾಯಿತು. ಮಡಿಕೆಯ ತಳದಲ್ಲಿ ಇಷ್ಟೇ ಇಷ್ಟು ನೀರು ನಿಂತಿತ್ತು.

“ನಾಲ್ಕಕ್ಕೂ ನೀರು ತುಂಬಿದಾರೆ,” ಎಂದೆ.

“ತುಂಬಿದರೆ ಏನಾಗುತ್ತೆ?”

“ಗಾಲಿಯೊಳಗೆ ನೀರು ಹೊಯ್ದಾಡುತ್ತೆ. ನಿಧಾನ ಹೋದರೆ ಗೊತ್ತಾಗಲ್ಲ. ಜೋರು ಹೋದರೆ ಗಾಡಿ ಕುಲುಕುತ್ತೆ, ಬ್ರೇಕ್ ಹಾಕಿದರೆ ನಿಲ್ಲಲ್ಲ. ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು ಇರೋ ಗಾಡಿ ಇದು. ಇಳಿಜಾರಲ್ಲಿ ಕೇಳಬೇಕಾ.”

ಅಭ್ಯಾಸದಂತೆ ಟೈರುಗಳ ಹುಟ್ಟಿದ ದಿನಾಂಕ ನೋಡಿದೆ. ಪ್ರತಿ ಟೈರಿನ ಪಕ್ಕದಲ್ಲಿ ತಯಾರಾದ ವಾರ, ವರ್ಷದ ಅಂಕಿಗಳನ್ನು ಒತ್ತಿರುತ್ತಾರೆ. ಹಿಂದಿನ ಎರಡೂ ಹೊಸವು. ಮುಂದಿನ ಬಲಗಾಲಿಯಲ್ಲಿ ಅಂಕಿ ಇದ್ದ ಜಾಗ ಸವೆದು ನುಣ್ಣಗಾಗಿತ್ತು. ಉರುಳುವಾಗ ಕಲ್ಲಿಗೆ ಉಜ್ಜಿರಬೇಕು ಎಂದುಕೊಂಡೆ.

ಬಾನೆಟ್ಟಿನ ಮೇಲೆ ಒಂದು ಮೊಳ ಸೇವಂತಿಗೆ ಬಾಡಿ ಬಿದ್ದಿತ್ತು.

“ಇದು ಯಾರು ಇಟ್ಟಿದ್ದು?”

“ಟೈರ್ ಅಂಗಡಿ ಹೊನ್ನೇಶ್. ನಿನ್ನೆ ಸಂಜೆ ಬಂದಿದ್ದ. ತುಂಬ ಹೊತ್ತು ಗಾಡಿ ಪಕ್ಕನೇ ಕೂತು ಅತ್ತನಂತೆ ಪಾಪ,” ಎಂದ ಶ್ರೀರಾಮ್. ನಂತರ ಅವನ ಮುಖ ಗೆಲುವಾಯಿತು. “ಮೇಡಂ, ಕೇಸು ಮುಗೀತಲ್ಲ. ಹೋದ ತಿಂಗಳು ರಿಮ್ಮಿಗೆ ಪೇಂಟ್ ಹೊಡೀಬೇಕು ಅಂತ ನಾಲ್ಕೂ ಗಾಲಿ ಬಿಚ್ಚಿದ್ದು ಅಭಿಲಾಷೇ. ನೀರು ತುಂಬಿದವನು ಇನ್ಯಾರು? ಸಂಜೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ತೀನಿ. ಅಷ್ಟರೊಳಗೆ ನಿಮ್ಮ ವರದಿ ಕೊಟ್ಟುಬಿಡಿ.”

ನನ್ನ ಕಿವಿಯಲ್ಲಿ ಬೇರೆ ಮಾತು ಕೇಳುತ್ತಿತ್ತು. ದೂರು ಕೊಟ್ಟ ದಿನ ಈರಣ್ಣ ಠಾಣೆಯ ಬೆಂಚಿನ ಮೇಲೆ ಕೂತು ಮತ್ತೆ ಮತ್ತೆ ಒಂದೇ ಮಾತು ಹೇಳಿದ್ದ. “ಆ ಗಾಡಿ ಬೀಳೋ ಹಂಗೇ ಇರಲಿಲ್ಲ ಸ್ವಾಮಿ. ಬೀಳೋಕೆ ಸಾಧ್ಯನೇ ಇಲ್ಲ. ಯಾರೋ ಬೀಳಿಸಿದಾರೆ.”

ಅಪ್ಪನ ಸಂಕಟ ಎಂದುಕೊಂಡು ಆವತ್ತು ಸುಮ್ಮನಾಗಿದ್ದೆ. ಈಗ ಆ ಮಾತು ಅರ್ಥವಾಯಿತು. ಅಜ್ಜಂಪುರದ ಕಡೆ ಎರೆಹೊಲ ಉಳುವವರು ಟ್ರ್ಯಾಕ್ಟರಿನ ಗಾಲಿಗೆ ನೀರು ತುಂಬುತ್ತಾರೆ. ಗಾಡಿ ಭಾರವಾಗಿ ನೆಲ ಕಚ್ಚುತ್ತದೆ, ಮಗುಚುವುದಿಲ್ಲ. ಈ ಕೇಸಿನಲ್ಲಿ ಟ್ರ್ಯಾಕ್ಟರ್ ಇರುವುದು ಒಬ್ಬನೇ ಒಬ್ಬನ ಹತ್ತಿರ, ಆ ಕಡೆಯವನೇ ಆದ ಈರಣ್ಣನ ಹತ್ತಿರ.

ಅರ್ಥವಾಗದೆ ಇದ್ದಿದ್ದರೆ ಚೆನ್ನಾಗಿತ್ತು. ಸತ್ಯ ಬರೆದರೆ ಅಳಿಯ ಮನೆಗೆ ಹೋಗುತ್ತಾನೆ, ಮಾವನಿಗೆ ತನ್ನ ಮಗಳನ್ನು ಕೊಂದದ್ದು ತಾನೇ ಎಂದು ಗೊತ್ತಾಗುತ್ತದೆ. ಬರೆಯದಿದ್ದರೆ ಏನೂ ಮಾಡದ ಹುಡುಗ ಜೈಲಿಗೆ ಹೋಗುತ್ತಾನೆ.

“ಸಂಜೆ ಕೊಡ್ತೀನಿ,” ಎಂದೆ ಶ್ರೀರಾಮನಿಗೆ. “ಅದಕ್ಕೆ ಮುಂಚೆ ಆ ಹುಡುಗನ ಹತ್ರ ಮಾತಾಡಬೇಕು.”

*

ಅಭಿಲಾಷ್ ಗೋಡೆಗೆ ಒರಗಿ ಕೂತಿದ್ದ. ನಮ್ಮ ತರೀಕೆರೆಯವನೇ, ಮರದ ಕೆಲಸ ಮಾಡುವವನು. ವ್ಯಾನಿನೊಳಗಿನ ಮಂಚ, ಮಡಚುವ ಮೇಜು, ಕಪಾಟು ಎಲ್ಲ ಅವನ ಕೈಯದೇ. ಗಡ್ಡ ಬೆಳೆದಿತ್ತು. ಕಣ್ಣು ಒಣಗಿತ್ತು.

“ಟೈರ್ ಅಂಗಡೀಲಿ ಜಗಳ ಆಡಿದ್ರಂತೆ ನೀವಿಬ್ಬರೂ.”

“ಆಡಿದ್ವಿ.” ಅವನು ಸ್ವಲ್ಪ ನಕ್ಕ. ನಕ್ಕದ್ದನ್ನು ನೋಡುವುದು ಕಷ್ಟವಾಯಿತು. “ನಾನು ಅಲಾಯ್ ವೀಲ್ ಹಾಕಿಸೋಣ ಅಂದೆ, ಚೆನ್ನಾಗಿ ಕಾಣುತ್ತೆ ಅಂತ. ಅವಳು ಸ್ಟೀಲೇ ಬೇಕು ಅಂದ್ಲು. ‘ಕಾವಲಲ್ಲಿ ಕಲ್ಲಿಗೆ ಹೊಡೆದರೆ ಅಲಾಯ್ ಬಿರುಕು ಬಿಡುತ್ತೆ ಕಣೋ. ಸ್ಟೀಲ್ ಸೊಟ್ಟಗಾಗುತ್ತೆ ಅಷ್ಟೇ, ದೇವನೂರಲ್ಲಿ ಯಾರಾದ್ರೂ ಸುತ್ತಿಗೆಯಲ್ಲಿ ಬಡಿದು ಕೊಡ್ತಾರೆ’ ಅಂದ್ಲು.”

“ಸರಿಯಾಗೇ ಹೇಳಿದಾಳೆ.”

“ಅವಳು ಹೇಳಿದ್ದೆಲ್ಲ ಸರಿಯಾಗೇ ಇರ್ತಿತ್ತು ಮೇಡಂ. ಅದಕ್ಕೇ ಜಗಳ ಆಗ್ತಿದ್ದಿದ್ದು.”

ಎಮ್ಮೆದೊಡ್ಡಿಯ ಕಾವಲಿನಲ್ಲಿ, ಅಂದರೆ ಅಲ್ಲಿನ ಹುಲ್ಲುಗಾವಲಿನಲ್ಲಿ, ಮೇಯುವ ಅಮೃತಮಹಲ್ ದನಗಳ ಮೇಲೆ ಭವ್ಯ ಅಧ್ಯಯನ ಮಾಡುತ್ತಿದ್ದಳು. ದನ ಎಲ್ಲಿ ಮೇಯುತ್ತವೋ ಅಲ್ಲೇ ಮಲಗಬೇಕು, ಬೆಳಿಗ್ಗೆ ಅವು ಏಳುವಾಗ ತಾನೂ ಏಳಬೇಕು ಎಂಬುದು ಅವಳ ಹುಚ್ಚು. ಆ ಹುಚ್ಚಿಗಾಗಿ ಗಂಡ ಹೆಂಡತಿ ಸೇರಿ ಹಳೆಯ ವ್ಯಾನೊಂದನ್ನು ಮನೆ ಮಾಡಿದ್ದರು.

“ಟೈರು ಆರಿಸಿದ್ದೂ ಅವಳೇನಾ?”

“ಅವಳೇ. ಅರ್ಧ ದಿನ ತಗೊಂಡ್ಲು. ದೊಡ್ಡ ದೊಡ್ಡ ಹಲ್ಲಿರೋದು ಬೇಡ, ಡಾಂಬರ್ ರಸ್ತೇಲಿ ಕೂಗುತ್ತೆ, ದನ ಬೆದರುತ್ತವೆ ಅಂದ್ಲು. ನುಣುಪಿರೋದೂ ಬೇಡ, ಅಪ್ಪನ ಊರಿನ ಎರೆಮಣ್ಣಲ್ಲಿ ಜಾರುತ್ತೆ. ನಡುವಿನದು ಬೇಕು. ಭಾರ ಹೊರೋ ಹಾಗೆ ಪಕ್ಕದ ಗೋಡೆ ದಪ್ಪ ಇರಬೇಕು. ಕೊನೆಗೆ ಸೈಜು. ಕಡೂರಲ್ಲಿ ಸಿಗದೇ ಇರೋ ಸೈಜು ಬೇಡವೇ ಬೇಡ, ಪಂಚರ್ ಆದ್ರೆ ಬೆಂಗಳೂರಿಂದ ಯಾರು ತರ್ತಾರೆ ಅಂದ್ಲು.” ಅವನು ಅಂಗೈ ನೋಡಿಕೊಂಡ. “ಬಗ್ಗಿ ಟೈರಿನ ವಾಸನೆ ನೋಡಿದ್ಲು ಮೇಡಂ. ಹಸು ಕರುನ ಮೂಸಿದ ಹಾಗೆ. ಹೊಸದರ ವಾಸನೆ ನಂಗಿಷ್ಟ ಅಂದ್ಲು.”

“ಗಾಲಿಯೊಳಗೆ ನೀರಿತ್ತು ಅಭಿಲಾಷ್.”

ಅವನು ನನ್ನನ್ನೇ ನೋಡಿದ. “ನೀರಾ? ಗಾಲಿಗೆ ಯಾಕೆ ನೀರು ಹಾಕ್ತಾರೆ?”

ಸುಳ್ಳು ಹೇಳುವವರ ಮುಖ ನಾನು ಬೇಕಾದಷ್ಟು ನೋಡಿದ್ದೇನೆ. ಕಂಪನಿಯ ದುಡ್ಡು ಅಂದರೆ ಸಾಧುಗಳೂ ಸುಳ್ಳು ಹೇಳುತ್ತಾರೆ. ಇದು ಆ ಮುಖವಲ್ಲ. ಇವನು ಟ್ರ್ಯಾಕ್ಟರಿನ ಮನೆಯಲ್ಲಿ ಬೆಳೆದವನಲ್ಲ.

ನಾನು ಎದ್ದಾಗ ಅವನು ಮೆಲ್ಲಗೆ ಕೇಳಿದ. “ಮಾವ ಊಟ ಮಾಡ್ತಿದಾರಂತಾ? ಅವರಿಗೆ ಸಕ್ಕರೆ ಕಾಯಿಲೆ ಇದೆ. ಮಾತ್ರೆ ನೆನಪು ಮಾಡ್ತಿದ್ದೋಳು ಅವಳೇ. ದಿನಾ ಫೋನ್ ಮಾಡೋಳು.”

ತನ್ನನ್ನು ಒಳಗೆ ಹಾಕಿಸಿದವನ ಮಾತ್ರೆಯ ಚಿಂತೆ ಇವನಿಗೆ.

*

ಹೊನ್ನೇಶನ ಅಂಗಡಿ ಬೀರೂರು ರಸ್ತೆಯಲ್ಲಿ, ದೊಡ್ಡ ಆಲದ ಮರದ ಎದುರಿಗೆ. ಕಡೂರಿನಿಂದ ಎಮ್ಮೆದೊಡ್ಡಿವರೆಗೆ ಓಡುವ ಟೈರುಗಳಲ್ಲಿ ಅರ್ಧ ಇವನವೇ. ನನ್ನನ್ನು ನೋಡಿದವನೇ ಕುರ್ಚಿ ಒರೆಸಿದ, ಎಳನೀರು ಕೆತ್ತಿಸಿದ, ನಾನು ಕೇಳುವ ಮೊದಲೇ ಕಣ್ಣೊರೆಸಿಕೊಂಡ.

“ಅಣ್ಣಾ ಅಣ್ಣಾ ಅಂತ ಕರೆಯೋಳು ಮೇಡಂ ಆ ಹುಡುಗಿ. ಅಷ್ಟು ತಿಳಿದುಕೊಂಡು ಟೈರ್ ಕೊಂಡ ಗಿರಾಕಿನ ನಾನು ಕಂಡಿಲ್ಲ. ಎರಡು ಇಲ್ಲೇ ಇತ್ತು, ಇನ್ನೆರಡು ಹೊರಗಿಂದ ತರಿಸಿಕೊಟ್ಟೆ.”

“ಆಮೇಲೆ ಗಾಡಿ ಬಂದಿತ್ತಾ?”

“ಇಲ್ಲ. ಫಿಟ್ ಮಾಡಿ ಕಳಿಸಿದ್ಮೇಲೆ ನಾನು ಗಾಡಿ ಮುಖ ನೋಡಿದ್ದು ನಿನ್ನೆನೇ. ನೋಡಬಾರದ ಸ್ಥಿತೀಲಿ ನೋಡಿದೆ.”

“ಹೊನ್ನೇಶ್, ಗಾಲಿಗಳಲ್ಲಿ ನೀರಿದೆ.”

ಅವನು ಹಾಗೆಯೇ ಟೈರಿನ ರಾಶಿಯ ಮೇಲೆ ಕೂತುಬಿಟ್ಟ. ನಂತರ ಹಣೆ ಚಚ್ಚಿಕೊಂಡ. “ಟ್ರ್ಯಾಕ್ಟರ್ ಬುದ್ಧಿ ಮೇಡಂ. ಯಾರೋ ಒಳ್ಳೇದಾಗ್ಲಿ ಅಂತಾನೇ ತುಂಬಿರ್ತಾರೆ. ಹೆಸರು ಹೇಳೋಕೆ ನನ್ನ ಬಾಯಿ ಬರಲ್ಲ.”

“ನನಗೂ ಬರ್ತಿಲ್ಲ.”

“ಹಂಗಾದ್ರೆ ನನ್ನ ಟೈರಿಂದು ತಪ್ಪಲ್ಲ ಅಲ್ವಾ ಮೇಡಂ? ವಾರದಿಂದ ನಿದ್ದೆ ಮಾಡಿಲ್ಲ ನಾನು. ನಾನು ಕೊಟ್ಟ ಟೈರೇ ಆ ಮಗೂನ ತಿಂತಾ ಅಂತ.”

“ಅಲ್ಲಪ್ಪ,” ಎಂದೆ. ಅಷ್ಟು ಹೇಳಲು ನನಗೆ ಏನೂ ಖರ್ಚಾಗಲಿಲ್ಲ. ಅವನು ಎದ್ದು ಕೈ ಮುಗಿದ. ಒಳ್ಳೆಯ ಮನುಷ್ಯ ಎಂದುಕೊಂಡು ಕಾರು ಹತ್ತಿದೆ. ಎಳನೀರು ಸಿಹಿಯಾಗಿತ್ತು.

*

ಅಜ್ಜಂಪುರ ದಾಟಿದ ಮೇಲೆ ನೆಲದ ಬಣ್ಣ ಕಪ್ಪಗಾಗುತ್ತದೆ. ಕಡಲೆ ಕಿತ್ತ ಹೊಲಗಳು ಬಿರುಕು ಬಿಟ್ಟು ಮಲಗಿದ್ದವು. ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ಮಾತು ಜೋಡಿಸಿದೆ, ಕೆಡವಿದೆ. ಈರಣ್ಣನ ತೋಟದ ತೆಂಗು ಕಂಡಾಗ ಒಂದು ಮಾತೂ ಕೈಯಲ್ಲಿರಲಿಲ್ಲ.

ಅವನು ಶೆಡ್ಡಿನಲ್ಲಿದ್ದ. ಟ್ರ್ಯಾಕ್ಟರಿನ ಗಾಲಿಗೆ ಅಂಟಿದ್ದ ಒಣ ಎರೆಮಣ್ಣನ್ನು ಕುಡುಗೋಲಿನ ತುದಿಯಿಂದ ಕೆರೆಯುತ್ತಿದ್ದ. ಎತ್ತರದ ಆಳು, ವಾರದಲ್ಲಿ ಕುಗ್ಗಿಹೋಗಿದ್ದ. ಹೆಂಡತಿ ಸಾವಿತ್ರಮ್ಮ ಹೊರಗೆ ಬಂದು ನನ್ನನ್ನು ನೋಡಿ, ಏನೂ ಕೇಳದೆ ಮಜ್ಜಿಗೆ ತರಲು ಒಳಗೆ ಹೋದಳು.

“ಬಂದ್ರಾ ಅಮ್ಮ,” ಎಂದ ಈರಣ್ಣ. “ಬರೆದ್ರಾ ಅವನ ಮೇಲೆ?”

“ಇನ್ನೂ ಇಲ್ಲ.” ಟ್ರ್ಯಾಕ್ಟರಿನ ಹಿಂದಿನ ಗಾಲಿಯ ಮೇಲೆ ಕೈಯಿಟ್ಟೆ. ಶೆಡ್ಡು ಬಿಸಿಲಿಗೆ ಕಾದಿದ್ದರೂ ಗಾಲಿಯೊಳಗಿನ ತಂಪು ಅಂಗೈಗೆ ಹತ್ತಿತು. “ಇದಕ್ಕೆ ನೀರು ತುಂಬಿದೀರಾ?”

“ತುಂಬದೆ? ನೀರಿಲ್ಲದ ಟ್ರ್ಯಾಕ್ಟರು ಕಡಿವಾಣ ಇಲ್ಲದ ಕುದುರೆ ಕಣಮ್ಮ. ನಮ್ಮಣ್ಣ ಸಿದ್ದಪ್ಪ ಹೋಗಿದ್ದು ಹೆಂಗೆ ಗೊತ್ತಾ? ಕೆರೆ ಏರಿ ಹತ್ತಿಸ್ವಾಗ ಟ್ರ್ಯಾಕ್ಟರ್ ಮುಂಗಾಲೆತ್ತಿ ಮಗುಚ್ಕೊಂಡ್ತು. ಹೊಸ ಗಾಡಿ, ಗಾಲಿಗೆ ನೀರು ಹಾಕಿರಲಿಲ್ಲ. ಆವತ್ತಿಂದ ನಮ್ಮನೇಲಿ ನೀರಿಲ್ಲದೆ ಗಾಲಿ ಹೊರಳಲ್ಲ.”

“ಭವ್ಯನ ವ್ಯಾನಿಗೂ ನೀವೇ ತುಂಬಿದ್ರಾ?”

ಅವನು ಮುಚ್ಚಿಡುತ್ತಾನೆ, ತಡಬಡಾಯಿಸುತ್ತಾನೆ ಎಂದುಕೊಂಡಿದ್ದೆ. ಅವನ ಮುಖ ಅರಳಿತು. ವಾರದಲ್ಲಿ ಮೊದಲ ಸಲ ಯಾರೋ ತಾನು ಮಾಡಿದ ಕೆಲಸವನ್ನು ಗುರುತಿಸಿದರು ಎಂಬಂತಿತ್ತು.

“ಹ್ಞೂ ಕಣಮ್ಮ, ನಾನೇ. ತಾಯಿ ಮಗಳು ಅಮೃತಾಪುರದ ದೇವಸ್ಥಾನಕ್ಕೆ ಹೋಗಿದ್ರು. ಅಷ್ಟರಲ್ಲಿ ಜಾಕ್ ಕೊಟ್ಟು ಎತ್ತಿ, ವಾಲ್ವಿನ ಸಣ್ಣ ಮೂತಿಗೆ ಸೈಕಲ್ ಟ್ಯೂಬ್ ಕಟ್ಟಿ, ಬೋರಿನ ಪೈಪು ಹಚ್ಚಿದೆ. ಮೇಲೆ ಪಂಪಲ್ಲಿ ಗಾಳಿ ಹೊಡೆದೆ. ಬೆವರು ಕಿತ್ಕೊಂಡೋಯ್ತು. ಎಮ್ಮೆದೊಡ್ಡಿ ಕಾವಲು ಅಂದ್ರೆ ಬರೀ ಗುಂಡಿ, ಕೊರಕಲು. ಅಂಥಾ ಕಡೆ ಒಬ್ಳೇ ಹೆಣ್ಮಗಳು ಓಡಾಡ್ತಾಳೆ. ಗಾಡಿ ನೋಡಿದ್ರೆ ಎತ್ತರ, ಗಾಳಿಗೇ ಬಿದ್ದೋಗೋ ಹಂಗಿತ್ತು. ಅದಕ್ಕೇ ಗಟ್ಟಿ ಮಾಡಿ ಕಳಿಸ್ದೆ.” ಅವನು ಕುಡುಗೋಲು ಕೆಳಗಿಟ್ಟ. “ಅದಕ್ಕೇ ಹೇಳಿದ್ದು ಪೊಲೀಸ್ನೋರಿಗೆ. ನಾನು ಅಷ್ಟು ಭದ್ರ ಮಾಡಿದ ಗಾಡಿ ತಾನಾಗೇ ಹೆಂಗಮ್ಮ ಬೀಳುತ್ತೆ? ಅವನೇ ಏನೋ ಮಾಡಿದಾನೆ.”

ಊರಿನವರ ಬಾಯಲ್ಲಿ ನಾನು ಕತ್ತರಿ ನಾಲಗೆಯವಳು. ಆ ನಾಲಗೆ ಆವತ್ತು ಏಳಲಿಲ್ಲ.

“ಯಾಕಮ್ಮ ಹಂಗೆ ನೋಡ್ತೀರಿ?”

“ಈರಣ್ಣ, ಟ್ರ್ಯಾಕ್ಟರು ನಡೆಯೋ ಹಾಗೆ ಹೋಗುತ್ತೆ. ವ್ಯಾನು ಓಡುತ್ತೆ.”

“ಓಡ್ಲಿ. ಅದಕ್ಕೇನು?”

“ಓಡೋ ಗಾಲಿಯೊಳಗೆ ನೀರಿದ್ದರೆ…”

ಮುಂದೆ ಹೇಳಬೇಕಾಗಲಿಲ್ಲ. ಹುಟ್ಟಿದಾಗಿನಿಂದ ಗಾಲಿಗಳ ಜೊತೆ ಬಾಳಿದ ಮನುಷ್ಯ. ಅವನ ಕಣ್ಣು ಟ್ರ್ಯಾಕ್ಟರಿನ ಗಾಲಿಗೆ ಹೋಯಿತು, ರಸ್ತೆಗೆ ಹೋಯಿತು, ತಿರುಗಿ ನನ್ನ ಮುಖಕ್ಕೆ ಬಂತು. ತುಂಬಿದ ಕೊಡ ಹೊತ್ತು ಓಡಿದರೆ ಏನಾಗುತ್ತದೆ ಎಂದು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ. ಆ ಲೆಕ್ಕವನ್ನು ಮಗಳ ಗಾಡಿಗೆ ಹಾಕಿ ನೋಡಲು ಅವನ ಪ್ರೀತಿ ಬಿಟ್ಟಿರಲಿಲ್ಲ, ಅಷ್ಟೇ.

ಅವನು ಕೂಗಲಿಲ್ಲ. ಗಾಲಿಯ ಹಲ್ಲುಗಳನ್ನು ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕುಸಿದ.

“ಎರಡು ಸಲ ತಿರುಗಿ ನೋಡಿದ್ಲು ಕಣಮ್ಮ,” ಎಂದ. “ಗೇಟ್ ದಾಟ್ವಾಗ. ಕೈ ಬೀಸಿದ್ಲು. ಗಾಡಿ ಹೆಂಗೆ ನೆಲ ಕಚ್ಕೊಂಡ್ ಹೋಯ್ತಾ ಐತೆ ಅಂತ ನಾನು ಗಾಲಿನೇ ನೋಡ್ತಿದ್ದೆ. ಮಗಳ ಮುಖ ನೋಡಲಿಲ್ಲ.”

ನಾನು ಅವನ ಪಕ್ಕ ನೆಲದ ಮೇಲೆಯೇ ಕೂತೆ. ಒದ್ದೆಯಾಗಿ ಒಣಗಿದ್ದ ಸೀರೆಗೆ ಎರೆಮಣ್ಣು ಹತ್ತಿತು. ನನಗೂ ಅಳು ಬಂತು, ಅತ್ತೆ. ವಿಮೆಯ ಸರ್ವೇಯರ್ ಅಳಬಾರದು ಎಂದು ಕಂಪನಿಯ ನಿಯಮದಲ್ಲಿ ಎಲ್ಲೂ ಇಲ್ಲ.

ಬಾಗಿಲಲ್ಲಿ ಸಾವಿತ್ರಮ್ಮ ಮಜ್ಜಿಗೆಯ ಚೊಂಬು ಹಿಡಿದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗಂಡನನ್ನು ಬಯ್ಯುತ್ತಾಳೇನೋ ಎಂದು ಹೆದರಿದೆ. ಅವಳು ಚೊಂಬನ್ನು ಕಟ್ಟೆಯ ಮೇಲಿಟ್ಟು, ಒಳಗೆ ಹೋಗಿ, ಒಗೆದ ಅಂಗಿಯೊಂದನ್ನು ತಂದಳು.

“ಹಾಕ್ಕೊಳ್ಳಿ,” ಎಂದಳು. “ಆ ಹುಡುಗನ್ನ ಬಿಡಿಸ್ಕೊಂಡ್ ಬನ್ನಿ. ಅವಳಿದ್ದಿದ್ರೆ ಇಷ್ಟೊತ್ತಿಗೆ ನಮ್ಮಿಬ್ರಿಗೂ ಉಗೀತಿದ್ಲು.”

ಈರಣ್ಣ ಎದ್ದ. ಅಂಗಿಯ ಗುಂಡಿಯನ್ನು ಅವಳೇ ಹಾಕಿದಳು.

*

ಕಾರಿನಲ್ಲಿ ಅವನು ಮುಂದೆ ಕೂತ. ಕೀಲಿ ಹಾಕುವ ಮೊದಲು ವರದಿಗೆ ಬೇಕಾದ ಒಂದೆರಡು ಮಾತು ಕೇಳಿಬಿಡೋಣ ಎಂದುಕೊಂಡೆ. ಠಾಣೆಯಲ್ಲಿ ಜನರ ಮುಂದೆ ಅವನನ್ನು ಮತ್ತೆ ಕೆದಕುವುದು ಬೇಡವಾಗಿತ್ತು.

“ನಾಲ್ಕು ಗಾಲಿಗೂ ಒಂದೇ ದಿನ ತುಂಬಿದ್ರಾ ಈರಣ್ಣ?”

“ನಾಲ್ಕಕ್ಕಾ?” ಅವನು ಎಲ್ಲಿಂದಲೋ ವಾಪಸು ಬಂದವನಂತೆ ನನ್ನನ್ನು ನೋಡಿದ. “ಹಿಂದಿನ ಎರಡಕ್ಕೆ ಹಾಕಿದ್ದು.”

“ಮುಂದಿನದಕ್ಕೆ?”

“ಮುಂದಿನ ಗಾಲಿಗೆ ಯಾರಮ್ಮ ನೀರು ಹಾಕ್ತಾರೆ? ಸ್ಟೇರಿಂಗ್ ತಿರುಗೋದು ಬ್ಯಾಡ್ವಾ? ನಾನು ದಡ್ಡ ಇರಬೌದು, ಅಷ್ಟು ದಡ್ಡ ಅಲ್ಲ. ಹಿಂದಿನ ಎರಡಕ್ಕೆ, ಅಷ್ಟೇ.”

ನನ್ನ ಕೈ ಕೀಲಿಯ ಮೇಲೆಯೇ ನಿಂತಿತು.

ಬೆಳಿಗ್ಗೆ ಒದ್ದೆಯಾದ ಬೆರಳು ನೆನಪಾಯಿತು. ಹರಿದು ಬಾಯಿ ತೆರೆದಿದ್ದ ಟೈರು. ಅದರ ಮಡಿಕೆಯಲ್ಲಿ ನಿಂತ ನೀರು. ವಾರದಿಂದ ಒಂದು ಹನಿ ಮಳೆಯಿಲ್ಲ, ಹಪ್ಪಳ ಒಣಗುವ ಬಿಸಿಲು. ಅಂಥ ಬಿಸಿಲಿನಲ್ಲಿ ತೆರೆದ ಟೈರಿನಲ್ಲಿ ವಾರದ ಹಿಂದಿನ ನೀರು ಎಲ್ಲಿ ಉಳಿಯುತ್ತದೆ? ಕಣ್ಣೆದುರಿಗಿದ್ದದ್ದನ್ನು ನೋಡಿ, ಬೆರಳಿಟ್ಟು ಮುಟ್ಟಿ, ಸೀರೆಗೆ ಒರೆಸಿಕೊಂಡು ಬಂದಿದ್ದೆ ನಾನು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ತಿರುಗುವುದು ಎಂದರೆ ಇದೇ.

ಮುಂದಿನ ಗಾಲಿಗಳಿಗೆ ನೀರು ಹೋದದ್ದು ಗಾಡಿ ಉರುಳಿದ ಮೇಲೆ. ಅದೂ ಒಂದೆರಡು ದಿನದ ಈಚೆಗೆ, ಆ ಖಾಲಿ ಸೈಟಿನಲ್ಲಿ. ಹಿಂದಿನ ಗಾಲಿಗಳಲ್ಲಿ ನೀರಿದೆ ಎಂದು ಗೊತ್ತಿದ್ದ ಯಾರೋ, ಸಿಡಿದ ಗಾಲಿಯ ತಪ್ಪನ್ನೂ ಆ ನೀರಿನ ಮೇಲೆಯೇ ಹಾಕಲು ಬಂದಿದ್ದರು.

“ನೀರು ತುಂಬಿದ ವಿಷಯ ಯಾರಿಗೆ ಹೇಳಿದ್ರಿ?” ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

“ಯಾರಿಗೂ ಇಲ್ಲ. ಇವಳಿಗೂ ಹೇಳಿರಲಿಲ್ಲ.”

“ಭವ್ಯನಿಗೆ?”

ಅವನು ಹೊರಗೆ ನೋಡಿದ. “ಅವಳೇ ಫೋನ್ ಮಾಡಿದ್ಲು, ದಾರಿಯಿಂದ. ಅದೇ ಕೊನೇ ಸಲ. ‘ಬೀರೂರು ಬಿಟ್ಮೇಲೆ ಗಾಡಿ ಯಾಕೋ ಹಿಂದೆ ಕುಲುಕ್ತಾ ಐತೆ ಕಣಪ್ಪ’ ಅಂದ್ಲು. ಹಿಂಗಿಂಗೆ, ನೀರು ಹಾಕಿದೀನಿ, ಹೆದರಬ್ಯಾಡ ಅಂದೆ. ನಕ್ಕುಬಿಟ್ಲು. ‘ಅಯ್ಯೋ ನಮ್ಮಪ್ಪ’ ಅಂದ್ಲು. ‘ಹೊನ್ನೇಶಣ್ಣನ ಅಂಗಡಿ ಮುಂದೇನೇ ನಿಂತಿದೀನಿ, ಅವರೂ ಗಾಲಿ ನೋಡ್ತಾ ಅವ್ರೆ. ಇಲ್ಲೇ ತೆಗೆಸ್ಬಿಡ್ತೀನಿ’ ಅಂದ್ಲು.”

ಕಡೂರಿನ ಆಲದ ಮರ, ಎಳನೀರು, ಮುಗಿದ ಕೈ, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಫಿಟ್ ಮಾಡಿ ಕಳಿಸಿದ್ಮೇಲೆ ಗಾಡಿ ಮುಖ ನೋಡಿದ್ದು ನಿನ್ನೆನೇ, ಎಂದಿದ್ದ. ಮುಂದಿನ ಟೈರಿನಲ್ಲಿ ನುಣ್ಣಗಾಗಿದ್ದ ಆ ಅಂಕಿಗಳ ಜಾಗ. ಕಲ್ಲಿಗೆ ಉಜ್ಜಿದ್ದರೆ ಅಕ್ಕಪಕ್ಕದಲ್ಲೂ ತರಚಿರಬೇಕಿತ್ತು. ತರಚಿರಲಿಲ್ಲ. ಹಳೆಯ ಟೈರನ್ನು ಹೊಸದೆಂದು ಮಾರಲು ಅಂಕಿಗಳನ್ನಷ್ಟೇ ಉಜ್ಜಿ ತೆಗೆದಿದ್ದರು.

“ಮತ್ತೆ ಯಾಕೆ ತೆಗೆಸಲಿಲ್ಲ ಅವಳು? ಹಿಂದಿನ ಗಾಲಿಗಳಲ್ಲಿ ನೀರು ಇವತ್ತಿಗೂ ಇದೆ ಈರಣ್ಣ.”

ಅವನು ಅಂಗಿಯ ಗುಂಡಿಯನ್ನು ತಿರುವಿದ.

“ನಾನು ಬಿಡಲಿಲ್ಲ. ಬೆವರು ಸುರಿಸಿ ಹಾಕಿದೀನಿ, ತೆಗೀತೀನಿ ಅಂತೀಯಲ್ಲ ಅಂತ ಸಿಟ್ಟು ಬಂತು. ‘ಕಾವಲಿನ ದಾರಿ ಮುಗಿಯೋಗಂಟ ಇರ್ಲಿ ಕಣವ್ವ, ನನ್ನಾಣೆ’ ಅಂದೆ. ಆಣೆ ಇಟ್ಟೆ ಕಣಮ್ಮ. ‘ಆಯ್ತು ಬಿಡಪ್ಪ, ಇರ್ಲಿ, ನಿಧಾನಕ್ಕೆ ಓಯ್ತೀನಿ’ ಅಂದ್ಲು.”

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಶ್ರೀರಾಮ್.

“ಮೇಡಂ, ಇಲ್ಲಿ ಸೈಟಿಗೆ ಹೊನ್ನೇಶ್ ಬಂದಿದಾನೆ. ನಿಮ್ಮ ಪರೀಕ್ಷೆ ಮುಗೀತಲ್ಲ, ಮುಂದಿನ ಎರಡು ಗಾಲಿ ಬಿಚ್ಚಿ ಒಯ್ಯಲಾ ಅಂತ ಕೇಳ್ತಿದಾನೆ. ಹರಿದ ಟೈರು ನೋಡಿದ್ರೆ ಮನೆಯವರಿಗೆ ಸಂಕಟ ಅಂತೆ. ಗಾಡಿ ತಂದು ನಿಲ್ಲಿಸಿದಾನೆ. ಕೊಡಲಾ?”

ಈರಣ್ಣ ನನ್ನ ಕಡೆ ತಿರುಗಿದ್ದ. ಹೊನ್ನೇಶನ ಹೆಸರು ಅವನಿಗೂ ಕೇಳಿಸಿತ್ತು. ನಾನು ಮುಂದಿನ ಗಾಲಿಯ ಬಗ್ಗೆ ಕೇಳಿದ್ದನ್ನೂ, ಈಗ ನನ್ನ ಮುಖ ಬದಲಾಗಿದ್ದನ್ನೂ ಅವನು ಸೇರಿಸಿ ನೋಡುತ್ತಿದ್ದ. ಅವನ ಕಣ್ಣಿನಲ್ಲಿ ಆಸೆಯೊಂದು ಹುಟ್ಟುತ್ತಿತ್ತು. ಅದನ್ನು ನೋಡಲು ನನ್ನಿಂದ ಆಗಲಿಲ್ಲ. ಹಿಂದಿನ ಗಾಲಿಗಳಲ್ಲಿ ನೀರಿಲ್ಲದಿದ್ದರೆ, ಮುಂದಿನ ಟೈರು ಸಿಡಿದ ಮೇಲೂ ಅವಳು ಗಾಡಿ ನಿಲ್ಲಿಸಿಕೊಳ್ಳುತ್ತಿದ್ದಳೋ ಏನೋ.

“ಸಿಡಿದಿದ್ದು ಮುಂದಿನ ಗಾಲಿ ಅಂದ್ರಲ್ವಾ ಪೊಲೀಸ್ನೋರು,” ಎಂದ. “ನಾನು ಹಾಕಿದ್ದು ಹಿಂದಿನದಕ್ಕೆ.”

“ಹಲೋ? ಮೇಡಂ? ಕೊಡಲಾ?”

ಈರಣ್ಣ ನನ್ನ ಮೊಣಕೈ ಹಿಡಿದುಕೊಂಡ. ಆ ಕೈಯಲ್ಲಿ ಇನ್ನೂ ಗಾಲಿಯ ಮಣ್ಣಿತ್ತು.

“ಹಂಗಾದ್ರೆ ನಾನಲ್ವೇನಮ್ಮ?”

“ಕೊಡಬೇಡ. ಅವನನ್ನ ಅಲ್ಲೇ ಕೂರಿಸ್ಕೋ,” ಎಂದು ಫೋನಿಗೆ ಹೇಳಿ ಇಟ್ಟೆ. ಅದು ಸುಲಭದ ಉತ್ತರ. ಬೆಳಿಗ್ಗೆ ಇದೇ ಪ್ರಶ್ನೆ ಕೇಳಿದ ಹೊನ್ನೇಶನಿಗೆ, ಎಳನೀರು ಕುಡಿಯುತ್ತ, ಅಲ್ಲಪ್ಪ ಎಂದು ಹೇಳಿ ಬಂದಿದ್ದೆ.

ಈರಣ್ಣ ಕೈ ಬಿಡಲಿಲ್ಲ. ನಾನು ಕಾರನ್ನು ಶುರು ಮಾಡಿದೆ, ಅವನ ಕಡೆ ನೋಡಲಿಲ್ಲ.